ಮೂಸಿ ನದಿಯ ಪಾತ್ರದಲ್ಲಿ ಬಸ್ ಸ್ಟ್ಯಾಂಡ್

ಬೀದರ್, ಕಲಬುರಗಿ ಕಡೆಯವರಿಗೆ ಹೈದರಾಬಾದಿನ ಎಂಜಿಬಿಎಸ್ ಬಗ್ಗೆ ಹೇಳಬೇಕಿಲ್ಲ. ಮಹಾತ್ಮ ಗಾಂಧಿ ಬಸ್ ಸ್ಟೇಷನ್. ಹಳಬರ ಬಾಯಲ್ಲಿ ಇಮ್ಲಿಬನ್. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಹೋಗಿ ನಿಲ್ಲುವುದು ಅಲ್ಲೇ. ಬಸ್ಸು ಒಳಗೆ ಹೋಗುವಾಗ ಒಂದು ಸೇತುವೆ ಹತ್ತಿ ಇಳಿಯುತ್ತದೆ. ನಿದ್ದೆಗಣ್ಣಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಆ ಬಸ್ ಸ್ಟ್ಯಾಂಡ್ ಇರುವುದು ಮೂಸಿ ನದಿಯ ಪಾತ್ರದೊಳಗಿನ ನಡುಗಡ್ಡೆಯಂಥ ಜಾಗದಲ್ಲಿ.

2025ರ ಸೆಪ್ಟೆಂಬರ್ 26ರ ರಾತ್ರಿ ಆ ಬಸ್ ಸ್ಟ್ಯಾಂಡಿಗೆ ನೀರು ನುಗ್ಗಿತು. ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಬಸ್ಸುಗಳನ್ನು ಊರಿನ ಬೇರೆ ಬೇರೆ ಕಡೆಯಿಂದ ಬಿಡಬೇಕಾಯಿತು. ಮೇಲ್ಗಡೆ ಇರುವ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ತುಂಬಿ, ಗೇಟ್ ಎತ್ತಿ ನೀರು ಬಿಟ್ಟಿದ್ದರು. ಬಿಟ್ಟಿದ್ದು ಸುಮಾರು 35 ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ 35 ಸಾವಿರ ಘನ ಅಡಿ ನೀರು.

35 ಸಾವಿರ ಅಂದರೆ ಜಾಸ್ತಿಯೇ? ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಬಿಟ್ಟ ವರ್ಷಗಳನ್ನು ಶ್ರೀರಂಗಪಟ್ಟಣದವರು ನೋಡಿದ್ದಾರೆ. ಮೂಸಿ ಕಾವೇರಿಯಷ್ಟು ದೊಡ್ಡ ಹೊಳೆ ಅಲ್ಲ, ಒಪ್ಪೋಣ. ಹಾಗಾದರೆ ಮೂಸಿಯನ್ನು ಮೂಸಿಯ ಜೊತೆಗೇ ಹೋಲಿಸಿ ನೋಡೋಣ. 1908ರ ಸೆಪ್ಟೆಂಬರ್ 28ರಂದು ಇದೇ ನದಿಯಲ್ಲಿ ಹರಿದ ನೀರನ್ನು ಆಮೇಲೆ ಲೆಕ್ಕ ಹಾಕಿದಾಗ ಬಂದ ಅಂದಾಜು 4.25 ಲಕ್ಷ ಕ್ಯೂಸೆಕ್. ಹನ್ನೆರಡು ಪಟ್ಟು! ಅಂದರೆ ಈ ನದಿ ಒಮ್ಮೆ ಹೊತ್ತು ತಂದಿದ್ದ ನೀರಿನ ಹನ್ನೆರಡನೇ ಒಂದು ಪಾಲಿಗೇ ಇವತ್ತಿನ ಹೈದರಾಬಾದಿನ ಅತಿ ದೊಡ್ಡ ಬಸ್ ಸ್ಟ್ಯಾಂಡ್ ಮುಚ್ಚಬೇಕಾಯಿತು.

ನಗರಗಳು ನೆರೆ ಬಯಲಿನಲ್ಲಿ ಬೆಳೆಯುವುದರ ಅಪಾಯ ಏನು ಎಂದು ಕೇಳಿದರೆ ನಾನು ಈ ಎರಡು ಅಂಕಿಗಳಿಂದಲೇ ಶುರುಮಾಡುತ್ತೇನೆ. ಮಳೆ ಹೆಚ್ಚಾಗಿದೆ, ಹವಾಮಾನ ಕೆಟ್ಟಿದೆ ಎನ್ನುವ ಮಾತು ಸುಳ್ಳಲ್ಲ. ಆದರೆ ಮೂಸಿಯ ವಿಷಯದಲ್ಲಿ ಅಷ್ಟು ದೂರ ಹೋಗುವ ಅಗತ್ಯವೇ ಬೀಳುವುದಿಲ್ಲ.

1908ರ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಅದರಲ್ಲಿ ನಮ್ಮವರೊಬ್ಬರೂ ಇದ್ದಾರೆ. ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ, 48 ಗಂಟೆಯಲ್ಲಿ 18.9 ಅಂಗುಲ ಮಳೆ ಬಿತ್ತು. (ಈಗ ವಿಮಾನ ನಿಲ್ದಾಣ ಇರುವ ಅದೇ ಶಂಷಾಬಾದ್.) ಹೈದರಾಬಾದಿನ ಮೇಲ್ಗಡೆ ಮೂಸಿ ಮತ್ತು ಅದರ ಉಪನದಿ ಈಸಿಯ ಜಲಾನಯನದಲ್ಲಿ ಆಗ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಸೆಪ್ಟೆಂಬರ್ ಕೊನೆ, ಕೆರೆಗಳೆಲ್ಲ ಮೊದಲೇ ತುಂಬಿದ್ದವು. ಮೇಲಿನ ಕೆರೆಯ ಏರಿ ಒಡೆಯಿತು, ಆ ನೀರಿನ ಹೊಡೆತಕ್ಕೆ ಕೆಳಗಿನದು ಒಡೆಯಿತು. ಹೀಗೆ 221 ಕೆರೆಗಳು ಒಡೆದವು. ಅಷ್ಟೂ ನೀರು ಒಟ್ಟಿಗೆ ಊರಿನ ಮೇಲೆ ಬಂತು. ಸತ್ತವರು ಸುಮಾರು 15 ಸಾವಿರ ಎಂದು ಅಂದಾಜು. ಬಿದ್ದ ಮನೆಗಳು 19 ಸಾವಿರ. ಅಫ್ಜಲ್ ಗಂಜ್‌ನಲ್ಲಿ ಒಂದು ಹುಣಸೆ ಮರ ಹತ್ತಿ ಕೂತು ನೂರೈವತ್ತು ಜನ ಬದುಕಿಕೊಂಡರು ಎನ್ನುತ್ತಾರೆ. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

ಮಾರನೇ ವರ್ಷ ನಿಜಾಮರ ಸರ್ಕಾರ ಕರೆಸಿದ್ದು ಎಂ. ವಿಶ್ವೇಶ್ವರಯ್ಯನವರನ್ನು. ಆಗಷ್ಟೇ ಅವರು ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟಿದ್ದರು. ಇನ್ನೂ ಮೈಸೂರಿಗೆ ಬಂದಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ಶುರುವಾಗಿರಲಿಲ್ಲ. 1909ರಲ್ಲಿ ಹೈದರಾಬಾದಿಗೆ ಬಂದು, ಮಳೆಯ ದಾಖಲೆ, ಒಡೆದ ಕೆರೆಗಳು, ನೀರು ಹರಿದ ಗುರುತುಗಳು ಎಲ್ಲವನ್ನೂ ಅಳೆದು ವರದಿ ಕೊಟ್ಟರು. ಅದೇ ವರ್ಷದ ಕೊನೆಗೆ ಮೈಸೂರಿನ ಚೀಫ್ ಇಂಜಿನಿಯರ್ ಆದರು.

ಅವರ ಸಲಹೆಯಲ್ಲಿ ಎರಡು ಭಾಗ ಇದ್ದವು. ಒಂದು, ಊರಿನ ಮೇಲ್ಗಡೆ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟುವುದು. ದೊಡ್ಡ ನೆರೆ ಬಂದಾಗ ಆ ನೀರನ್ನು ಅಲ್ಲೇ ತಡೆದು ನಿಧಾನಕ್ಕೆ ಬಿಡುವುದು. ಎರಡು, ಊರೊಳಗೆ ನದಿಯ ದಂಡೆ ಎತ್ತರಿಸಿ, ಅದರ ಗುಂಟ ತೋಟ, ಓಡಾಡುವ ದಾರಿ ಮಾಡುವುದು. 1920ಕ್ಕೆ ಉಸ್ಮಾನ್ ಸಾಗರ ಮುಗಿಯಿತು, ಜನ ಇವತ್ತಿಗೂ ಗಂಡಿಪೇಟೆ ಎನ್ನುವುದು ಅದನ್ನೇ. 1927ಕ್ಕೆ ಹಿಮಾಯತ್ ಸಾಗರ ಮುಗಿಯಿತು. 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಬಂತು. ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆ, ಗ್ರಂಥಾಲಯ ಎಲ್ಲ ಮೂಸಿ ದಂಡೆಯ ಮೇಲೆ ಎದ್ದವು.

ಈ ಯೋಜನೆಯ ಜೀವ ಇದ್ದಿದ್ದು ಖಾಲಿ ಜಾಗದಲ್ಲಿ. ಜಲಾಶಯ ನೆರೆ ತಡೆಯಬೇಕಾದರೆ ಅದರಲ್ಲಿ ಖಾಲಿ ಇರಬೇಕು. ನದಿ ನೆರೆ ಸಾಗಿಸಬೇಕಾದರೆ ಪಕ್ಕದಲ್ಲಿ ಖಾಲಿ ಇರಬೇಕು. ಕೆರೆ ಕೋಡಿ ಬಿದ್ದು ಸುರಕ್ಷಿತವಾಗಿ ಹರಿಯಬೇಕಾದರೆ ಕೋಡಿಯ ಮುಂದಿನ ಕಾಲುವೆ ಖಾಲಿ ಇರಬೇಕು. ಆದರೆ ಒಂದು ಊರಿನ ಕಣ್ಣಿಗೆ ಖಾಲಿ ಜಾಗ ಯಾವತ್ತೂ ದಂಡವಾಗಿ ಬಿದ್ದಿರುವ ಜಾಗವೇ ಅಲ್ವಾ? ಹೈದರಾಬಾದು ಕಟ್ಟೆಗಳನ್ನು ಉಳಿಸಿಕೊಂಡಿತು. ಖಾಲಿಯನ್ನು ಒಂದೊಂದಾಗಿ ತುಂಬಿಕೊಂಡಿತು.

ಮೊದಲು ಜಲಾಶಯ ನೋಡಿ. ಕಟ್ಟಿದ ಮೇಲೆ ಅವು ಊರಿಗೆ ಕುಡಿಯುವ ನೀರು ಕೊಡತೊಡಗಿದವು. ಕುಡಿಯುವ ನೀರಿನ ಕಟ್ಟೆಗೂ ನೆರೆ ತಡೆಯುವ ಕಟ್ಟೆಗೂ ಸ್ವಭಾವದಲ್ಲೇ ಜಗಳ. ಕುಡಿಯುವ ನೀರು ನೋಡಿಕೊಳ್ಳುವ ಇಂಜಿನಿಯರು ಸೆಪ್ಟೆಂಬರಿನಲ್ಲಿ ಕಟ್ಟೆ ಭರ್ತಿ ಇರಲಿ ಎನ್ನುತ್ತಾರೆ. ನೆರೆ ನೋಡಿಕೊಳ್ಳುವವರು ಅರ್ಧ ಖಾಲಿ ಇರಲಿ ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ನೀರು ಖಾಲಿ ಮಾಡಿ, ಆಮೇಲೆ ಮಳೆ ಬರದಿದ್ದರೆ? ಮಾರನೇ ಬೇಸಿಗೆಯಲ್ಲಿ ಬೈಸಿಕೊಳ್ಳುವವರು ಯಾರು? ಹಾಗಾಗಿ ಭರ್ತಿ ಪಕ್ಷವೇ ಗೆಲ್ಲುತ್ತದೆ. ಎಲ್ಲ ಊರಲ್ಲೂ ಇದೇ ಕಥೆ.

ತೊಂದರೆ ಏನೆಂದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ತೆಲಂಗಾಣದ ಮೇಲೆ ಬರುವ ಕಾಲವೂ ಅದೇ. 1908ರದು ಸೆಪ್ಟೆಂಬರ್ 28. 2020ರದು ಅಕ್ಟೋಬರ್ 13. 2025ರದು ಸೆಪ್ಟೆಂಬರ್ 26. ಕಟ್ಟೆಗಳು ತುಂಬಿ ಕೂತಿರುವಾಗಲೇ ಹೊಡೆತ.

ಒಂದು ಸಣ್ಣ ಲೆಕ್ಕ ಹಾಕೋಣ. ಉಸ್ಮಾನ್ ಸಾಗರದ ಸಾಮರ್ಥ್ಯ ಸುಮಾರು 3.9 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಹಿಮಾಯತ್ ಸಾಗರದ್ದು ಸುಮಾರು 3. ಎರಡೂ ಸೇರಿ 7 ಟಿಎಂಸಿಯ ಹತ್ತಿರ. ಕೆಆರ್‌ಎಸ್ 49 ಟಿಎಂಸಿ, ನೆನಪಿರಲಿ. ಲಕ್ಷ ಕ್ಯೂಸೆಕ್ ಒಳಹರಿವು ಇದ್ದರೆ ಒಂದು ಟಿಎಂಸಿ ತುಂಬಲು ಮೂರು ಗಂಟೆಯೂ ಬೇಡ. 1908ರ ಗರಿಷ್ಠ ಹರಿವು, ಅಂದರೆ 4.25 ಲಕ್ಷ ಕ್ಯೂಸೆಕ್ ಬಂದರೆ, ಎರಡೂ ಜಲಾಶಯ ಪೂರ್ತಿ ಒಣಗಿದ್ದರೂ ನಾಲ್ಕೂವರೆ ಗಂಟೆಯಲ್ಲಿ ಭರ್ತಿ. ಅರ್ಧ ತುಂಬಿದ್ದರೆ ಎರಡು ಗಂಟೆ ಚಿಲ್ಲರೆ. ಮೊದಲೇ ಭರ್ತಿ ಇದ್ದರೆ? ಬಂದಷ್ಟೂ ಬಿಡಬೇಕು, ಬೇರೆ ದಾರಿ ಇಲ್ಲ. ಹೂಳಿನ ಲೆಕ್ಕ ಇದರಲ್ಲಿ ಸೇರಿಸಿಲ್ಲ. ಇದು ಒರಟು ಗಣಿತ, ನಿಜವಾದ ನೆರೆ ಇಷ್ಟು ಸರಳವಾಗಿ ಬರುವುದಿಲ್ಲ. ಆದರೂ ಕಟ್ಟೆ ಎಷ್ಟು ಹೊತ್ತು ಊರನ್ನು ಕಾಯಬಲ್ಲದು ಎಂಬ ಅಂದಾಜು ಸಿಗುತ್ತದೆ.

ಇನ್ನು ಊರೊಳಗಿನ ಖಾಲಿ. ಕಟ್ಟೆ ಕಟ್ಟಿದ ಮೇಲೆ ಮೂಸಿಯಲ್ಲಿ ನೀರು ಕಡಿಮೆಯಾಯಿತು. ಮಳೆಗಾಲದ ನೀರನ್ನು ಮೇಲ್ಗಡೆಯೇ ಹಿಡಿಯುತ್ತಿದ್ದರು. ಕೆಳಗೆ ಹರಿಯುತ್ತಿದ್ದುದು ಹೆಚ್ಚಾಗಿ ಊರಿನ ಕೊಳಚೆ. ಹತ್ತಾರು ವರ್ಷ ಹೊಳೆ ಹೀಗೆ ಬತ್ತಿದಂತೆ ಕಂಡರೆ ಜನ ಅದನ್ನು ಹೊಳೆ ಎಂದು ನೋಡುವುದನ್ನೇ ಬಿಡುತ್ತಾರೆ. ಚಾದರ್‌ಘಾಟ್ ಬಳಿ ಮೂಸಾ ನಗರ, ಶಂಕರ ನಗರ ಥರದ ಬಡವರ ಬಡಾವಣೆಗಳು ನೀರಿನ ಅಂಚಿಗೇ ಬಂದವು. ಆದರೆ ಮೊದಲು ನದಿಯೊಳಗೆ ಇಳಿದವರು ಅವರೇ ಎಂದು ಹೇಳಿದರೆ ಅನ್ಯಾಯ. ಸರ್ಕಾರವೇ 1990ರ ದಶಕದಲ್ಲಿ ನದಿಪಾತ್ರದಲ್ಲಿ ಬಸ್ ಸ್ಟ್ಯಾಂಡ್ ಕಟ್ಟಿತು. ಈಗ ಅದರ ಪಕ್ಕದಲ್ಲೇ ಮೆಟ್ರೋ ನಿಲ್ದಾಣವೂ ಇದೆ. ಸರ್ಕಾರ ಕಟ್ಟಿದ್ದನ್ನು ನೋಡಿದ ಮೇಲೆ, ಇಲ್ಲಿ ಮನೆ ಕಟ್ಟಬಾರದು ಎಂದು ಒಬ್ಬ ಆಟೋ ಡ್ರೈವರ್‌ಗೆ ಹೇಗೆ ಹೊಳೆಯಬೇಕು?

ಇದು ಹೈದರಾಬಾದಿನ ವಿಚಿತ್ರವೇನೂ ಅಲ್ಲ. ಕಟ್ಟೆ, ತಡೆಗೋಡೆ ಎದ್ದ ಕಡೆಗಳಲ್ಲೆಲ್ಲ ಹೀಗೇ ಆಗುತ್ತದೆ. ಗೋಡೆ ಕಟ್ಟಿದರೆ ಸಣ್ಣಪುಟ್ಟ ನೆರೆ ನಿಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಮೊಣಕಾಲುದ್ದ ನೀರು ಬರುತ್ತಿದ್ದ ಜಾಗ ಒಣಗುತ್ತದೆ. ಸೈಟಿನ ಬೆಲೆ ಏರುತ್ತದೆ. ಬ್ಯಾಂಕು ಸಾಲ ಕೊಡುತ್ತದೆ. ಆಮೇಲೆ ಗೋಡೆಯ ಅಳವಿಗೆ ಮೀರಿದ ನೆರೆ ಒಂದು ಬರುತ್ತದೆ, ಅಷ್ಟು ಹೊತ್ತಿಗೆ ಅಲ್ಲಿ ಹೊಲದ ಬದಲು ಮೂರಂತಸ್ತಿನ ಮನೆಗಳಿರುತ್ತವೆ. ಸಣ್ಣ ನಷ್ಟಗಳನ್ನು ಕೂಡಿಟ್ಟು ಒಂದೇ ದಿನ ದೊಡ್ಡ ನಷ್ಟ ಅನುಭವಿಸುವ ವ್ಯವಸ್ಥೆ ಇದು.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂಬ ಮಾತು ಇಲ್ಲಿ ಬಹಳ ದಾರಿ ತಪ್ಪಿಸುತ್ತದೆ. ಕೇಳಿದವರು, ಸರಿ, ನಮ್ಮ ಕಾಲಕ್ಕಂತೂ ಇಲ್ಲ ಎಂದುಕೊಳ್ಳುತ್ತಾರೆ. ಅದರ ನಿಜವಾದ ಅರ್ಥ ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ. ಕಳೆದ ವರ್ಷ ಬಂದಿದ್ದರೂ ಈ ವರ್ಷಕ್ಕೆ ಮತ್ತೆ ನೂರಕ್ಕೆ ಒಂದು. ನೀವು ಮೂವತ್ತು ವರ್ಷದ ಗೃಹಸಾಲ ತೆಗೆದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ 26. ಇಪ್ಪತ್ತೈದು ವರ್ಷಕ್ಕೊಮ್ಮೆಯ ನೆರೆ ಆದರೆ ನೂರಕ್ಕೆ 70ರ ಆಸುಪಾಸು. ಅದೂ ಹಳೆಯ ಮಳೆಯ ದಾಖಲೆಗಳನ್ನು ನಂಬಿ ಹಾಕಿದ ಲೆಕ್ಕ. ಮಳೆಯ ಸ್ವಭಾವ ಬದಲಾದರೆ ಇನ್ನೂ ಜಾಸ್ತಿ. ಸೈಟು ಮಾರುವವರು ಯಾರೂ ಈ ಅಂಕಿಯನ್ನು ಬ್ರೋಷರಿನಲ್ಲಿ ಹಾಕುವುದಿಲ್ಲ ಬಿಡಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ನದಿ ದಂಡೆ ಮೀರದೆಯೂ ಊರು ಮುಳುಗಬಹುದು. ಊರಿನ ನಾಲಾಗಳೆಲ್ಲ ಕೊನೆಗೆ ಮೂಸಿಗೇ ಬಿದ್ದು ಖಾಲಿಯಾಗಬೇಕು. ಮೂಸಿಯಲ್ಲಿ ನೀರು ಎತ್ತರದಲ್ಲಿದ್ದರೆ ನಾಲಾದ ನೀರು ಒಳಗೆ ಹೋಗುವುದಿಲ್ಲ, ನಿಂತುಕೊಳ್ಳುತ್ತದೆ. ಹಿಂದಕ್ಕೆ ಒತ್ತುತ್ತದೆ. ನದಿಯಿಂದ ಒಂದೆರಡು ಕಿಲೋಮೀಟರ್ ದೂರದ ಬಡಾವಣೆಯಲ್ಲಿ ಮ್ಯಾನ್‌ಹೋಲಿನಿಂದ ನೀರು ಉಕ್ಕುವುದು ಹೀಗೆ. ದಂಡೆಗೆ ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ಈ ನೀರಿಗೆ ಅದರ ಪರಿವೆ ಇಲ್ಲ. ಕೆಲವು ಸಲ ಗೋಡೆಯೇ ಒಳಗಿನ ನೀರನ್ನು ಹೊರಹೋಗದಂತೆ ಹಿಡಿದಿಡುತ್ತದೆ.

2020ರ ಅಕ್ಟೋಬರಿನಲ್ಲಿ ಆಗಿದ್ದು ಬಹುಪಾಲು ಈ ಒಳಗಿನ ನೀರಿನ ಅನಾಹುತ. ಬೇಗಂಪೇಟೆಯಲ್ಲಿ ಒಂದೇ ದಿನ 191.8 ಮಿಲಿಮೀಟರ್ ಮಳೆ ಬಿತ್ತು. ಹಳೇ ಊರಿನ ಕಡೆ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿ ಒಡೆದು ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಚೆರುವು ಎಂದರೆ ಕೆರೆ. 112 ವರ್ಷದ ನಂತರವೂ ಕೆರೆ ಒಡೆದೇ ಜನ ಸತ್ತರು. ವ್ಯತ್ಯಾಸ ಇಷ್ಟೇ, 1908ರಲ್ಲಿ ಒಡೆದ ಕೆರೆಗಳು ಊರಿನ ಹೊರಗಿದ್ದವು. ಈಗ ಊರೇ ಕೆರೆಯ ಸುತ್ತ, ಕೆರೆಯ ಕೆಳಗೆ, ಎಷ್ಟೋ ಕಡೆ ಕೆರೆಯ ಅಂಗಳದೊಳಗೆ ಬಂದು ಕೂತಿದೆ.

ಕಾನೂನು ಇಲ್ಲವೇ? ಇದೆ. ತೆಲಂಗಾಣದಲ್ಲಿ 2012ರ ಕಟ್ಟಡ ನಿಯಮದ ಪ್ರಕಾರ ನಗರದೊಳಗೆ ನದಿಯ ಅಂಚಿನಿಂದ 50 ಮೀಟರ್ ಬಿಡಬೇಕು, ನಗರದ ಹೊರಗೆ 100 ಮೀಟರ್. ಓದಲು ಚೆನ್ನಾಗಿದೆ. ಆದರೆ ನೀರು ಟೇಪು ಹಿಡಿದು ಅಡ್ಡಡ್ಡ ಅಳೆದುಕೊಂಡು ಬರುವುದಿಲ್ಲ. ಅದು ಎತ್ತರ ನೋಡಿ ಬರುತ್ತದೆ. ಒಂದು ಕಡೆ ದಂಡೆ ಕಡಿದಾಗಿದ್ದರೆ 20 ಮೀಟರ್ ಆಚೆಯ ಮನೆಗೂ ಏನೂ ಆಗದು. ಇನ್ನೊಂದು ಕಡೆ ನೆಲ ಚಪ್ಪಟೆ ಇದ್ದರೆ 400 ಮೀಟರ್ ಆಚೆಯ ಮನೆಯೂ ಮುಳುಗೀತು. ಎರಡಕ್ಕೂ ಒಂದೇ 50 ಮೀಟರ್ ನಿಯಮ ಹಾಕಿದರೆ ಮೊದಲನೆಯವನಿಗೆ ಅನ್ಯಾಯ, ಎರಡನೆಯವನಿಗೆ ಸುಳ್ಳು ಧೈರ್ಯ. ಸರಿಯಾದ ಕ್ರಮ ಇಂತಿಷ್ಟು ವರ್ಷಕ್ಕೊಮ್ಮೆ ಬರುವ ನೆರೆ ಎಲ್ಲಿಯವರೆಗೆ ಏರುತ್ತದೆ ಎಂಬ ಗೆರೆಯನ್ನು ನಕ್ಷೆಯಲ್ಲಿ ಎಳೆದು, ಆ ಗೆರೆಯೊಳಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವುದು. ತೋಟ, ಆಟದ ಮೈದಾನ, ಬೇಸಾಯ ಆಗಬಹುದು. ಆಸ್ಪತ್ರೆ, ವಿದ್ಯುತ್ ಸಬ್‌ಸ್ಟೇಷನ್, ಬಸ್ ಸ್ಟ್ಯಾಂಡ್ ಬೇಡ.

ಇದೇನು ಹೊಸ ಯೋಚನೆಯಲ್ಲ. ಕೇಂದ್ರ ಸರ್ಕಾರ 1975ರಲ್ಲೇ ಇದಕ್ಕೊಂದು ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು ಕಾಶ್ಮೀರ ಕಾನೂನು ಮಾಡಿಕೊಂಡವು. ಆ ಸಣ್ಣ ಪಟ್ಟಿಯಲ್ಲಿ ತೆಲಂಗಾಣ ಇಲ್ಲ. ಕರ್ನಾಟಕವೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರದ ಕಡೆ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೋಡಿ ನಕ್ಕವರು ನಾವು. ಅದಾಗಿ ಮೂರು ವರ್ಷಕ್ಕೆ, 2025ರಲ್ಲಿ, ಕೆರೆಗಳ ಬಫರ್ ಅನ್ನು, ಅಂದರೆ ಕೆರೆಯ ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗವನ್ನು, ಕಡಿಮೆ ಮಾಡುವ ತಿದ್ದುಪಡಿಗೆ ನಮ್ಮ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು.

ಹೈದರಾಬಾದಿಗೇ ಬರೋಣ. 2024ರ ಜುಲೈನಲ್ಲಿ ಅಲ್ಲಿನ ಸರ್ಕಾರ ಹೈಡ್ರಾ ಎಂಬ ಸಂಸ್ಥೆ ಮಾಡಿ ಕೆರೆ ಒತ್ತುವರಿ ಒಡೆಯಲು ಹೊರಟಿತು. ಒಬ್ಬ ದೊಡ್ಡ ನಟರ ಕನ್ವೆನ್ಷನ್ ಸೆಂಟರ್ ಕೂಡ ಬಿತ್ತು, ಜನ ಚಪ್ಪಾಳೆ ಹೊಡೆದರು. ಮುಂದಿನ ಸರದಿ ಮೂಸಿಯದು. ನದಿಪಾತ್ರದ ಮನೆಗಳ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ 'ಆರ್‌ಬಿ-ಎಕ್ಸ್' ಎಂದು ಗುರುತು ಹಾಕಿದರು. ಚಪ್ಪಾಳೆ ನಿಂತಿತು. ಜನ ರಸ್ತೆಗೆ ಬಂದರು, ಕೋರ್ಟಿಗೆ ಹೋದರು. ಎಷ್ಟೋ ಮನೆಗಳಿಗೆ ಕರೆಂಟ್ ಬಿಲ್ ಬರುತ್ತಿತ್ತು, ಮನೆ ತೆರಿಗೆ ರಸೀದಿ ಇತ್ತು. ಒಂದು ಇಲಾಖೆ ವರ್ಷಾನುಗಟ್ಟಲೆ ದುಡ್ಡು ಕಟ್ಟಿಸಿಕೊಂಡ ಮನೆಯನ್ನು ಇನ್ನೊಂದು ಇಲಾಖೆ ಬಂದು ಇಲ್ಲಿ ಮನೆಯೇ ಇರಬಾರದಿತ್ತು ಎನ್ನುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಹಿಡಿಸಲಿಕ್ಕಿಲ್ಲ. ನದಿಪಾತ್ರದ ಮನೆಗಳು ಅಲ್ಲಿಂದ ಹೋಗಬೇಕು. ನೆರೆ ಬಂದ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಓಡುವವರು ಆ ಮನೆಯವರೇ. ಆದರೆ ಸರ್ಕಾರ ಬದಲಿಗೆ ಕೊಡುವ ಡಬಲ್ ಬೆಡ್‌ರೂಮ್ ಮನೆ ಕೆಲಸದ ಜಾಗದಿಂದ ದೂರ ಇದ್ದರೆ ಅವರು ಮತ್ತೆ ಬರುತ್ತಾರೆ, ಇಲ್ಲಿಗಲ್ಲದಿದ್ದರೆ ಇನ್ನೊಂದು ನಾಲಾದ ಪಕ್ಕಕ್ಕೆ. ಮನೆಗೆಲಸದ ಹೆಂಗಸು ಎರಡು ಬಸ್ ಬದಲಾಯಿಸಿ ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಬರಲಾರಳು. ಜೊತೆಗೆ, ಬಡವರನ್ನು ತೆಗೆದ ಜಾಗ ಖಾಲಿ ಉಳಿಯುತ್ತದೆಯೇ ಎನ್ನುವುದು ದೊಡ್ಡ ಪ್ರಶ್ನೆ. ದೆಹಲಿಯಲ್ಲಿ 2004ರಲ್ಲಿ ಯಮುನಾ ಪುಷ್ತಾದ ಕೊಳೆಗೇರಿಗಳನ್ನು ಎತ್ತಂಗಡಿ ಮಾಡಿದರು. ಆರು ವರ್ಷದಲ್ಲಿ ಅದೇ ಯಮುನೆಯ ಇನ್ನೊಂದು ದಂಡೆಯಲ್ಲಿ ಕಾಮನ್‌ವೆಲ್ತ್ ಕ್ರೀಡಾಗ್ರಾಮದ ಅಪಾರ್ಟ್‌ಮೆಂಟುಗಳು ಎದ್ದಿದ್ದವು.

ಅದಕ್ಕೇ ನದಿ ದಂಡೆಯನ್ನು ಹೊಸದಾಗಿ ರೂಪಿಸಲು ಸರ್ಕಾರ ಹೊರಟಿರುವ ಮೂಸಿ ರಿವರ್‌ಫ್ರಂಟ್ ಯೋಜನೆಯ ಬಣ್ಣದ ಚಿತ್ರಗಳಿಗಿಂತ ಅದರ ಅಡ್ಡಸೀಳು ನಕ್ಷೆ ನೋಡಬೇಕು. ಅಹಮದಾಬಾದಿನಲ್ಲಿ ಸಾಬರಮತಿಯನ್ನು ಎರಡು ಗೋಡೆಗಳ ನಡುವೆ 263 ಮೀಟರಿನ ಒಂದೇ ಅಗಲಕ್ಕೆ ತಂದು, ಉಳಿದ ನದಿಪಾತ್ರವನ್ನು ಭೂಮಿಯಾಗಿ ಪಡೆದರು. ನದಿ ದಂಡೆಯ ಯೋಜನೆಗಳಿಗೆ ದುಡ್ಡು ಹುಟ್ಟುವುದು ಹೀಗೆ ಹೊಸದಾಗಿ ಸಿಗುವ ಜಾಗದಿಂದಲೇ. ಅಗಲ ಕಡಿಮೆಯಾದಾಗ ಅಷ್ಟೇ ನೀರು ಹೆಚ್ಚು ಎತ್ತರದಲ್ಲಿ, ಹೆಚ್ಚು ರಭಸದಲ್ಲಿ ಹರಿಯುತ್ತದೆ, ಕೆಳಗಿನ ಊರಿಗೆ ಬೇಗ ತಲುಪುತ್ತದೆ. ಮೂಸಿ ಹೈದರಾಬಾದಿಗೇ ಮುಗಿಯುವುದಿಲ್ಲ. ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆ ಸೇರುವವರೆಗೆ ದಡದ ಹಳ್ಳಿಗಳಿವೆ.

ಆದರೆ ಎಲ್ಲರೂ ದಂಡೆಯ ಬಗ್ಗೆ ಜಗಳವಾಡುತ್ತಿರುವಾಗ ದೊಡ್ಡ ತೀರ್ಮಾನ ಮೇಲ್ಗಡೆ ಆಗಿಹೋಗಿದೆ. 1996ರಲ್ಲಿ ಆಗಿನ ಆಂಧ್ರ ಸರ್ಕಾರ ಜಿ.ಒ. 111 ಎಂಬ ಆದೇಶ ಹೊರಡಿಸಿತ್ತು. ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ, 84 ಹಳ್ಳಿಗಳಲ್ಲಿ, 1.32 ಲಕ್ಷ ಎಕರೆಯಲ್ಲಿ ಕೈಗಾರಿಕೆ, ದೊಡ್ಡ ಕಟ್ಟಡಗಳಿಗೆ ತಡೆ. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧ ತೆಗೆಯುವ ಆದೇಶ ಮಾಡಿತು. ಕೊಟ್ಟ ಕಾರಣ ಸುಮ್ನೆ ತಳ್ಳಿಹಾಕುವಂಥದ್ದಲ್ಲ: ಊರಿಗೆ ಈಗ ಕೃಷ್ಣಾ, ಗೋದಾವರಿ ನೀರು ಬರುತ್ತಿದೆ, ಈ ಎರಡು ಕಟ್ಟೆಗಳ ನೀರನ್ನು ಊರು ನೆಚ್ಚಿಕೊಂಡಿಲ್ಲ.

ನಿಜ. ಆದರೆ ಅದೇ ಕಾರಣದಿಂದ ಇನ್ನೊಂದು ತೀರ್ಮಾನಕ್ಕೂ ಬರಬಹುದಿತ್ತು. ಕುಡಿಯಲು ಬೇಡವಾದರೆ ಕಟ್ಟೆ ತುಂಬಿಸಿಡುವ ಒತ್ತಡ ಇಲ್ಲ. ಸೆಪ್ಟೆಂಬರಿನಲ್ಲಿ ಒಂದು ಟಿಎಂಸಿಯೋ ಒಂದೂವರೆಯೋ ಖಾಲಿ ಇಟ್ಟುಕೊಳ್ಳಲು ಸಾಧ್ಯ. 1909ರ ವರದಿ ಈ ಕಟ್ಟೆಗಳನ್ನು ಕೇಳಿದ್ದೇ ನೆರೆ ತಡೆಯಲಿಕ್ಕೆ. ಆ ಕೆಲಸ ಇನ್ನೂ ಬಾಕಿ ಇದೆ. 84 ಹಳ್ಳಿಗಳ ಹೊಲದ ಮೇಲೆ ಕಾಂಕ್ರೀಟು ಬಂದರೆ ಅದೇ ಮಳೆಗೆ ಕಟ್ಟೆಗೆ ಬರುವ ನೀರು ಹೆಚ್ಚುತ್ತದೆ, ಬೇಗ ಬರುತ್ತದೆ, ಗೇಟಿನ ಬಳಿ ಇರುವವರಿಗೆ ಯೋಚಿಸಲು ಸಿಗುವ ಗಂಟೆಗಳು ಕಡಿಮೆಯಾಗುತ್ತವೆ. ಉಸ್ಮಾನ್ ಸಾಗರದ ಹದಿನೈದು, ಹಿಮಾಯತ್ ಸಾಗರದ ಹದಿನೇಳು ಗೇಟುಗಳನ್ನು ಯಾವ ಮಟ್ಟಕ್ಕೆ, ಯಾವ ತಿಂಗಳಲ್ಲಿ, ಯಾರ ಅಪ್ಪಣೆಯ ಮೇಲೆ ಎತ್ತಬೇಕು ಎನ್ನುವ ನಿಯಮವನ್ನು ರಿವರ್‌ಫ್ರಂಟ್ ಟೆಂಡರಿಗೆ ಮುಂಚೆ ಜನರ ಮುಂದಿಟ್ಟು ಚರ್ಚೆ ಮಾಡುವುದು ಒಳ್ಳೆಯದು. ಅದಕ್ಕೆ ಕೋಟಿಗಟ್ಟಲೆ ದುಡ್ಡೂ ಬೇಡ, ಯಾರ ಮನೆಯನ್ನೂ ಒಡೆಯಬೇಕಿಲ್ಲ.